ಬೀಗತಿ ಕಳಿಸಿದ ಲೆಕ್ಕಿ

ನಮ್ಮ ದಿಬ್ಬ ನಿಂತಿತು!

ಹಳ್ಳ ಬಂತು, ಕೆಂಪಗೆ ಏರಿತು, ದಿಬ್ಬಕ್ಕೆ ಗುದ್ದಿ ಗುದ್ದಿ ಸೋತು ಇಳಿದು ಹೋಯಿತು. ದಿಬ್ಬ ನಿಂತಿತು. ಬಾವಿ ಉಳಿಯಿತು, ಬಾವಿ ಹೊಲ ಉಳಿಯಿತು, ಹೊಲದಾಗಿನ ಪುಂಡಿಪಲ್ಯದ ಒಂದೆಲೆಯೂ ಕೆಸರಾಗಲಿಲ್ಲ. ಈ ಸುದ್ದಿ ಮೊದಲೇ ಹೇಳಿಬಿಟ್ಟೆ. ಹಿಂದಿನದೆಲ್ಲ ಹೇಳಿ ಮುಗಿಸಿ ಆಮೇಲೆ ಇದನ್ನು ಹೇಳುವಷ್ಟು ತಾಳ್ಮೆ ನನಗಿಲ್ಲ. ಆ ದಿನ ಕಂಡವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ, ಕೊಟ್ಟಿಗೆಯಾಗಿನ ಎಮ್ಮೆಗೂ ಹೇಳಿದೆ.

"ಮುದುಕಿಗೆ ಹುಚ್ಚು ಹಿಡದೈತಿ," ಅಂದರು ನಮ್ಮ ಯಜಮಾನರು.

ಹಿಡಿಯಲಿ. ಇಂಥ ಹುಚ್ಚು ದಿನಾ ಹಿಡಿಯುವುದಿಲ್ಲ. ಮಠದ ಐಗಳು ನೆಲಕ್ಕೆ ಉಸುಕು ಹರವಿ, ಅದರಾಗ ಬೆರಳಿಂದ ತಿದ್ದಿಸಿದ ನಾಲ್ಕು ಅಕ್ಷರ ಬಿಟ್ಟರೆ ನನಗೆ ಬೇರೆ ಸಾಲಿ ಇಲ್ಲ. ಉಸುಕಿನಾಗ ಕಲಿತಾಕಿ ಉಸುಕಿನ ಕಥೆ ಬರೆದರೆ ತಪ್ಪೇನು?

ಮಸ್ಕಿ ಹಳ್ಳದ ದಂಡೆಗೆ ನಮ್ಮ ಹೊಲ. ಬೇಸಗೆಯಾಗ ಹಳ್ಳ ಅಂದರೆ ನೀರಲ್ಲ, ಈ ಕಡೆಯಿಂದ ಆ ಕಡೆಗೆ ಬರೇ ಉಸುಕು. ಆಷಾಢದ ಗಾಳಿ ಆ ಉಸುಕನ್ನು ಎತ್ತಿ ಎತ್ತಿ ದಂಡೆಗೆ ಒಟ್ಟಿ, ನನ್ನ ಅತ್ತೆಯ ಅತ್ತೆ ಇದ್ದ ಕಾಲಕ್ಕೇ ಒಂದು ದಿಬ್ಬ ಮಾಡಿತ್ತು. ಹಳ್ಳಕ್ಕೂ ಹೊಲಕ್ಕೂ ನಡುವೆ ನಮಗಿದ್ದ ಗೋಡೆ ಅದೊಂದೇ. ನಾನು ಸೊಸೆಯಾಗಿ ಬಂದಾಗ ಅದರ ಮೈತುಂಬ ಘಾಟು ಎಲೆಯ ಲೆಕ್ಕಿ ಗಿಡ ಇದ್ದವು, ಕೆಳಗೆ ಕರಕಿ ಹುಲ್ಲು. ಉಸುಕು ಕದಲುತ್ತಿರಲಿಲ್ಲ. ಆದರೆ ಲೆಕ್ಕಿ ಬುಟ್ಟಿ ಹೆಣೆಯಲು ಬೇಕು, ಕಾಳು ತುಂಬುವ ಗುಮ್ಮಿಗೆ ಬೇಕು. ಊರೆಲ್ಲ ಕಡಿಯಿತು. ಕರಕಿಯನ್ನು ನಮ್ಮ ಆಡುಗಳು ಬೇರಿನತನಕ ಮೇಯ್ದವು. ಬೋಳಾದ ದಿಬ್ಬ ನಡೆಯಲು ಶುರು ಮಾಡಿತು. ಹೌದು, ದಿಬ್ಬ ನಡೆಯುತ್ತದೆ. ಗಾಳಿ ಹಿಂದಿನಿಂದ ದಬ್ಬಿದರೆ ಅದು ಮುಂದೆ ಬಂದು ಹೊಲದಾಗ ಕೂಡುತ್ತದೆ. ಮೆಣಸಿನ ಗಿಡದ ಸೊಂಟಕ್ಕೆ ಉಸುಕು, ಬಾವಿಯ ಮೆಟ್ಟಿಲಿಗೆ ಉಸುಕು, ಬುತ್ತಿ ಬಿಚ್ಚಿದರೆ ರೊಟ್ಟಿಯಾಗ ಉಸುಕು. ಕೊನೆಗೆ ದಿಬ್ಬದ ನಡುವೆ ಒಂದು ಕಂಡಿ ಬಿತ್ತು, ಬಂಡಿ ಹಾಯುವಷ್ಟು ಅಗಲ.

"ದೊಡ್ಡ ಹಳ್ಳ ಬಂದ ದಿನ ಈ ಕಂಡ್ಯಾಗ ನೀರು ನುಗ್ಗತೈತಿ. ಬಾವಿನೂ ಇಲ್ಲ, ಹೊಲಾನೂ ಇಲ್ಲ," ಅಂದರು ಯಜಮಾನರು. ನಮಗಿದ್ದ ನೀರಾವರಿ ಅದೊಂದೇ ತುಂಡು. ಆ ಮಾತು ಕೇಳಿದ ಮೇಲೆ ಮಳೆಗಾಲದಾಗ ಮೋಡ ಕಂಡಾಗೊಮ್ಮೆ ಕಂಡಿ ನೋಡಲು ಓಡುತ್ತಿದ್ದೆ.

ಹಳ್ಳದ ಆಚೆ ದಂಡೆಯ ಊರಿಗೆ ನನ್ನ ಮಗಳನ್ನು ಕೊಟ್ಟಿದ್ದೆವು. ಅಲ್ಲೂ ಒಂದು ದಿಬ್ಬ, ನಮ್ಮ ಬೀಗತಿಯದು. ಅದು ಹಸಿರಾಗಿ, ಗುಂಡಗೆ, ಉಂಡು ಮಲಗಿದ ಎಮ್ಮೆಯ ಹಾಗೆ ಇತ್ತು. ನಾನು ನಮ್ಮ ಹೊಲದಾಗ ಕಳೆ ತೆಗೆಯಲು ಬಗ್ಗಿ ಸೊಂಟ ನೆಟ್ಟಗೆ ಮಾಡಿದಾಗೊಮ್ಮೆ ಅದೇ ಕಣ್ಣಿಗೆ ಬೀಳುತ್ತಿತ್ತು. ನನ್ನ ಕರ್ಮ.

ನಮ್ಮ ಬೀಗತಿ ಸಮುದ್ರ ನೋಡಿದಾಕಿ. ನಮ್ಮ ಕಡೆ ಹೆಣ್ಣುಮಕ್ಕಳು ಕಂಡ ದೂರ ಅಂದರೆ ಮಸ್ಕಿ ಸಂತೆ, ಅದು ಬಿಟ್ಟರೆ ಲಿಂಗಸುಗೂರು, ಬಹಳ ಆದರೆ ಸಿಂಧನೂರು. ಈಕೆ ಗೋಕರ್ಣಕ್ಕೆ ಹೋಗಿ ಬಂದಿದ್ದಳು. ಬಂದ ಮೇಲೆ ಯಾವ ಮಾತು ಎತ್ತಿದರೂ ಸಮುದ್ರಕ್ಕೇ ಹೋಗಿ ಮುಟ್ಟುತ್ತಿತ್ತು. ಉಪ್ಪಿನಕಾಯಿ ಅಂದರೆ ಸಮುದ್ರ, ಗಾಳಿ ಅಂದರೆ ಸಮುದ್ರ, ಎಮ್ಮೆ ಈಯಿತು ಅಂದರೂ ಸಮುದ್ರ.

"ಸಮುದ್ರದ ದಂಡಿಗೂ ನಮ್ಮಂಥಾವ ಉಸುಕಿನ ದಿಬ್ಬ ಅದಾವ್ರೀ ಬೀಗರ, ಆದರ ಮನಿ ಎತ್ತರ," ಅಂದಳು ಒಮ್ಮೆ ನಮ್ಮ ಪಡಸಾಲೆಯಾಗ ಕೂತು. "ಮ್ಯಾಲ ಒಂದು ಬಳ್ಳಿ ಹಬ್ಬಿರತೈತಿ, ಜಾಂಬಳಿ ಹೂವು, ನೇರಳಿಹಣ್ಣಿನ ಬಣ್ಣ. ಒಂದು ಹೂ ಹರಿಯಾಕ ಹೋದೆ ನೋಡ್ರೀ, ಮೀನು ಮಾರೋ ಮುದುಕಿ ಓಡಿಬಂದು ಕೈ ಹಿಡದ್ಲು. ಬಳ್ಳಿ ಜಗ್ಗಬ್ಯಾಡ, ಬಳ್ಳಿ ಹೋದರ ದಿಬ್ಬ ಹೋಗತೈತಿ, ದಿಬ್ಬ ಹೋದರ ನಮ್ಮ ಗುಡಿಸಲಾನ ಸಮುದ್ರ ನುಂಗತೈತಿ ಅಂದ್ಲು."

"ಆಕಿ ಮಾತು ನಿಮಗ ತಿಳೀತೇನ್ರೀ?" ಅಂದೆ ನಾನು.

"ಕೈ ಹಿಡದು ಜಗ್ಗಿದರ ಎಲ್ಲಾರ ಮಾತೂ ತಿಳೀತಾವು."

ಊರಿಗೆ ಬಂದವಳೇ ತನ್ನ ದಿಬ್ಬಕ್ಕೆ ಯಾರೂ ಕುಡಗೋಲು ಹಚ್ಚಬಾರದು, ಆಡು ಹತ್ತಬಾರದು ಅಂತ ಕಟ್ಟು ಮಾಡಿದಳು. ಬೋಳಾದ ಕಡೆ ಲೆಕ್ಕಿ ನೆಟ್ಟಳು. ಅಲ್ಲಿ ಸಮುದ್ರದವರು ಬಳ್ಳಿಯಿಂದ ಮಾಡಿದ್ದನ್ನು ಈಕೆ ಇಲ್ಲಿ ಲೆಕ್ಕಿಯಿಂದ ಮಾಡಿದಳು. ಬುದ್ಧಿ ನನಗೆ ಬೇಕಾದದ್ದೇ. ಆದರೆ ಆಕೆಯ ಬಾಯಿಂದ ಬಂದದ್ದಕ್ಕೆ ಬೇಡವಾಗಿತ್ತು.

"ಹೋಗಿ ನಾಕು ಲೆಕ್ಕಿ ಕಟಗಿ ಇಸಗೊಂಡು ಬಾ," ಅಂದರು ಯಜಮಾನರು.

"ಬೀಗರ ಬಾಗಲಿಗೆ ಹೋಗಿ ಕೈ ಒಡ್ಡಲೇನು? ಹೆಣ್ಣು ಕೊಟ್ಟೀನಿ, ಮಾನ ಕೊಟ್ಟಿಲ್ಲ."

"ಹಂಗಾರ ಮಾನಾನ ಒಯ್ದು ಕಂಡ್ಯಾಗ ತುಂಬು," ಅಂದು ಬೀಡಿ ಹಚ್ಚಿಕೊಂಡರು.

ನಿಜಾಮರ ರಾಜ್ಯ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಆ ಬೇಸಗೆ ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ನಾನು ಆಯಿಯಾದೆ! ಕೂಸನ್ನು ಕೈಗೆ ತೊಗೊಂಡಾಗ ಕಂಡಿ, ಬಾವಿ, ಉಸುಕು ಎಲ್ಲ ಮರೆತೇ ಹೋಯಿತು. ಆ ಸುಖ ಬೀಗತಿ ಕೂಸು ನೋಡಲು ಬರುವತನಕ ಇತ್ತು.

ಬಂದವಳು ತೊಟ್ಟಿಲಿಗೆ ಬಗ್ಗಿ, "ಮೂಗು ನಮ್ಮದು," ಅಂದಳು.

"ಮೂಗು ಇರವಲ್ದ್ಯಾಕ, ಬಣ್ಣ ನಮ್ಮದೈತಿ," ಅಂದೆ.

"ಬಣ್ಣ ಬಿಸಲಿಗೆ ಹೋಗತೈತ್ರೀ ಬೀಗರ. ಮೂಗು ಹೋಗಂಗಿಲ್ಲ."

ಆಮೇಲೆ ಎದ್ದು ಬಚ್ಚಲಿಗೆ ಇಣುಕಿದಳು. ಹಂಡೆಯ ಮುಚ್ಚಳ ತೆಗೆದು ಮೂಸಿದಳು. "ಬಾಣಂತಿ ನೀರಿಗೆ ಲೆಕ್ಕಿ ಸೊಪ್ಪು ಹಾಕಿಲ್ಲೇನ್ರೀ?"

"ಬೇವು ಹಾಕೀವಿ."

"ಬೇವು ಬೇವು, ಲೆಕ್ಕಿ ಲೆಕ್ಕಿ," ಅಂದಳು. ಅಷ್ಟಕ್ಕೇ ನನಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ನಮ್ಮ ದಂಡೆಯಾಗ ಒಂದು ಲೆಕ್ಕಿ ಎಲೆಯೂ ಇಲ್ಲ ಅಂತ ಆಕೆಗೆ ಗೊತ್ತಿತ್ತು.

ಮರುದಿನ ಹೊತ್ತೇರುವುದರಾಗ ಅಳಿಯ ತನ್ನ ಎತ್ತರದ ಲೆಕ್ಕಿ ಹೊರೆ ಹೊತ್ತು ಹಳ್ಳ ದಾಟಿ ಬಂದ. "ನಮ್ಮವ್ವ ಕಳಸ್ಯಾಳ್ರೀ ಅತ್ತಿ," ಅಂದು ಅಂಗಳದಾಗ ಇಳಿಸಿದ. ಬಾಣಂತಿಗೆ ಬಂದದ್ದನ್ನು ತಿರುಗಿ ಕಳಿಸುವ ಹಾಗಿಲ್ಲ. ಸೊಪ್ಪು ಸವರಿ ಹಂಡೆಗೆ ಹಾಕಿದೆ. ಆ ನೀರಿನ ಘಮ ಮನೆ ತುಂಬ ಆಡಿತು. ಮಗಳು ಮೈ ಹಗುರಾಯಿತು ಅಂದಳು, ಕೂಸು ಮೈಮರೆತು ನಿದ್ದೆ ಮಾಡಿತು. ಅದಕ್ಕೂ ನನಗೆ ಉರಿ. ನನ್ನ ಬೇವಿಗೆ ಕೂಸು ಹಾಗೆ ನಿದ್ದೆ ಮಾಡಿರಲಿಲ್ಲ.

ಕಟಗಿ ಉಳಿದವು. ನಮ್ಮ ಮನೆತನದಾಗ ಒಂದು ನೇಮ ಇದೆ. ಬಾಣಂತಿ ನೀರಿನ ಸೊಪ್ಪಿನ ಕಟಗಿ ಒಲೆಗೆ ಒಡ್ಡಬಾರದು, ಯಾರೂ ದಾಟಬಾರದು. ದಾಟಿದರೆ ಕೂಸಿನ ಮೈಗೆ ಬೊಕ್ಕೆ ಏಳುತ್ತವೆ ಅಂತ ನನ್ನ ಅತ್ತೆ ಹೇಳುತ್ತಿದ್ದರು. ಜನ ಓಡಾಡದ ಜಾಗಾದಾಗ ನೆಟ್ಟಗೆ ನಿಲ್ಲಿಸಿ ಬರಬೇಕು. ಜನ ಓಡಾಡದ ಜಾಗಾ ಅಂದರೆ ನಮಗೆ ದಿಬ್ಬವೇ. ಕಟಗಿ ಹೊತ್ತು ಅಲ್ಲಿಗೆ ಹೋದೆ. ಹೊರೆಯ ಮೇಲೆ ಹೊರೆ ಬರುತ್ತಿತ್ತು, ಹೋಗಿ ಹೋಗಿ ನಿಲ್ಲಿಸಿ ಬಂದೆ.

ಒಂದು ದಿನ ಕಟಗಿ ಹಿಡಿದು ನಿಂತಾಗ ಆಚೆ ದಿಬ್ಬದ ಮೇಲೆ ಬೀಗತಿ ಸೆರಗು ತಲೆಗೆ ಹೊದ್ದು ನಿಂತದ್ದು ಕಂಡಿತು. ನಮ್ಮ ಕಂಡಿಯ ಕಡೆಗೇ ನೋಡುತ್ತಿದ್ದಳು. ನನಗೆ ಎಲ್ಲಿತ್ತೋ ರೋಷ ಬಂತು. ಹೊಸ ಕಟಗಿ, ಹಳೇ ಕಟಗಿ ಎಲ್ಲ ಒಟ್ಟು ಮಾಡಿ, ಕಂಡಿಯ ಈ ತುದಿಯಿಂದ ಆ ತುದಿಗೆ ಸಾಲು ಹಿಡಿದು ಊರಿದೆ. ನಡುನಡುವೆ ಜಾಲಿ ಮುಳ್ಳು ಇಟ್ಟೆ. ಆಚೆಯಿಂದ ನೋಡಿದರೆ ಬೇಲಿ ಕಾಣಬೇಕು, ಅಷ್ಟೇ. ನಮ್ಮ ದಿಬ್ಬಕ್ಕೂ ಬೇಲಿ ಐತಿ ನೋಡವ್ವಾ ಸಮುದ್ರದಾಕಿ, ಅಂತ ಮನಸ್ಸಿನಾಗೇ ಅಂದೆ. ಸಿಟ್ಟಿನ ಭರಕ್ಕೆ ಬುಡ ಯಾವುದು, ತುದಿ ಯಾವುದು ನೋಡಲಿಲ್ಲ.

ಯಜಮಾನರು ಬಂದು ನೋಡಿದರು. "ಇದು ಬೇಲಿಯೇನ? ಆಡು ಸೀನಿದರ ಬೀಳತೈತಿ."

"ದೂರಿಂದ ನೋಡ್ರಿ, ಚಂದ ಕಾಣತೈತಿ."

"ಹಳ್ಳಕ್ಕ ದೂರ ನಿಂದ್ರು ಅಂತ ಹೇಳಿಬಿಡು ಮತ್ತ."

ಹಳ್ಳದ ಉಸುಕು ಮೇಲೆ ಎಷ್ಟು ಸುಟ್ಟರೂ ಮೊಳಕೈ ಆಳದಾಗ ತಣ್ಣಗಿರುತ್ತದೆ. ಮೃಗಶಿರಾ ಮಳೆ ಒಂದೆರಡು ಸಲ ಹೊಡೆದು ಹೋದ ಮೇಲೆ ದಿಬ್ಬಕ್ಕೆ ಹೋದರೆ ಲೆಕ್ಕಿಯ ವಾಸನೆ ಮೂಗಿಗೆ ಬಂತು. ಬಗ್ಗಿ ನೋಡಿದೆ. ಕಟಗಿಯ ಗೆಣ್ಣಿನಾಗ ಹಸಿರು! ನನ್ನ ಸುಳ್ಳು ಬೇಲಿ ಚಿಗುರಿತ್ತು. ಸಂತೋಷ ಪಡಬೇಕಾಗಿತ್ತು. ಆದರೆ ಮೊದಲು ಬಂದದ್ದು ಬೇರೆ. ಆಕೆಯ ಗಿಡ ನನ್ನ ದಿಬ್ಬದಾಗ ಬೇರು ಬಿಟ್ಟವಲ್ಲ! ನಾಳೆ ಊರೆಲ್ಲ ಏನಂದೀತು? ಬೀಗತಿ ದಿಬ್ಬ ಉಳಿಸಿಕೊಟ್ಟಳು ಅಂದೀತು. ಸೊಂಟಕ್ಕೆ ಸೆರಗು ಕಟ್ಟಿ ಮೊದಲ ಕಟಗಿಗೆ ಕೈ ಹಾಕಿದೆ.

ಮಗಳು ಕೂಸನ್ನು ಎತ್ತಿಕೊಂಡು ಬಾವಿಯ ಹತ್ತಿರ ನಿಂತಿದ್ದಳು. "ಯವ್ವಾ, ಏನು ಮಾಡಾಕತ್ತಿ? ನನ್ನ ಕೂಸಿನ ನೀರಿನ ಕಟಗಿ ಅವು. ಚಿಗತಿದ್ದನ್ನ ಕೀಳತಿಯೇನ?"

ಕೈ ತಾನಾಗಿ ಹಿಂದೆ ಬಂತು. ಹೌದಲ್ಲ! ಇವು ಬೀಗತಿಯ ಗಿಡ ಯಾಕಾದಾವು? ನನ್ನ ಮೊಮ್ಮಗಳ ಮೈ ತೊಳೆದ ಗಿಡ. ನನ್ನ ಕೈಯಿಂದ ನೆಟ್ಟ ಗಿಡ. ಆ ಕ್ಷಣದಿಂದ ಅವು ನನ್ನವಾದವು.

ಯಜಮಾನರು ಸಾಲಿನ ಉದ್ದಕ್ಕೂ ನಡೆದು ಒಣಗಿ ನಿಂತವನ್ನು ಕಿತ್ತು ನೋಡಿ ಬಿದ್ದು ಬಿದ್ದು ನಕ್ಕರು. "ಅರ್ಧಕ್ಕರ್ಧ ತಲಿಕೆಳಗ ನೆಟ್ಟೀಯಲ್ಲ ಪುಣ್ಯಾತಗಿತ್ತಿ! ಮಂದಿಗೆ ತೋರಿಸಾಕ ನೆಟ್ಟರ ಹಿಂಗ ಆಗತೈತಿ."

ಆ ದಿನದಿಂದ ಆಡುಗಳ ಕೊರಳಿಗೆ ಹಗ್ಗ ಬಿತ್ತು. ಆಡು ಲೆಕ್ಕಿಗೆ ಬಾಯಿ ಹಾಕುವುದಿಲ್ಲ, ಆದರೆ ಕರಕಿ ಬಿಡುವುದಿಲ್ಲ, ಕಾಲಿಂದ ಉಸುಕು ಕೆದರುತ್ತವೆ. ಬುಟ್ಟಿ ಹೆಣೆಯುವವರು ಬಂದರೆ ಕೋಲು ಹಿಡಿದು ನಿಂತೆ. ಮುಂದಿನ ಆಷಾಢದಾಗ ಗಾಳಿ ತಂದ ಉಸುಕು ಹೊಲಕ್ಕೆ ಬರದೆ ಲೆಕ್ಕಿಯ ಕಾಲಿಗೆ ನಿಂತಿತು. ಗಿಡ ಮುಳುಗಿತು ಅಂದುಕೊಂಡರೆ ಉಸುಕಿನ ಮೇಲೆ ಮತ್ತೆ ತಲೆ ಎತ್ತಿತು. ಉಸುಕು ಏರಿದಷ್ಟು ಅದೂ ಏರಿತು. ಕರಕಿ ತಾನಾಗಿ ಬಂದು ಹಬ್ಬಿತು. ಕಂಡಿ ಮುಚ್ಚಿಕೊಂಡಿತು. ಹಳೇ ದಿಬ್ಬದ ಎತ್ತರ ಬಂತು.

ಆದರೆ ನನಗೆ ಸಮಾಧಾನ ಎಲ್ಲಿ? ಬಾಣಂತನ ಮುಗಿದು ಮಗಳು ಕೂಸನ್ನು ಕರಕೊಂಡು ಆಚೆಗೆ ಹೋದಳು. ಕೂಸು ಮಾತು ಕಲಿತದ್ದು ಬೀಗತಿಯ ತೊಡೆಯ ಮೇಲೆ. ಆಕೆಗೆ "ಆಯಿ" ಅನ್ನುತ್ತಿತ್ತು. ನನಗೆ "ಆಚಿ ಆಯಿ". ಹಳ್ಳದ ಆಚೆಯ ಆಯಿ! ನಮ್ಮ ಮನೆಯಾಗ, ನಮ್ಮ ಜಂತೆಯ ಕೆಳಗೆ ಕಣ್ಣು ತೆರೆದ ಕೂಸಿಗೆ ನಾನು ಆಚೆಯವಳು. ಆ ಸಂಕಟ ಹೇಳಿದರೆ ತೀರದು. ಅದನ್ನೆಲ್ಲ ದಿಬ್ಬದ ಮೇಲೆ ತೀರಿಸಿದೆ. ಆಕೆ ಮಳೆಗಾಲಕ್ಕೆ ಒಂದು ಹೊಸ ಸಾಲು ಲೆಕ್ಕಿ ಹಾಕಿದರೆ, ನಾನು ನನ್ನ ಗಿಡದ ಕೊಂಬೆಯನ್ನೇ ಕಡಿದು ಇನ್ನೊಂದು ಸಾಲು ಹಾಕುವತನಕ ರೊಟ್ಟಿ ಗಂಟಲಾಗ ಇಳಿಯುತ್ತಿರಲಿಲ್ಲ. ಈಗ ಬುಡ ನೋಡಿ ನೆಡುತ್ತಿದ್ದೆ. ಆಗ ಸಿಂಧನೂರು ಕಡೆಗೆ ದೊಡ್ಡ ಕಾಲುವೆ ಬರುತ್ತದೆ ಅಂತ ಸಂತೆಯಾಗ ಮಂದಿ ಕರುಬುತ್ತಿದ್ದರು. ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ದೂರ ಹೋಗುವ ಪುರುಸೊತ್ತಿರಲಿಲ್ಲ. ಹಳ್ಳ ದಾಟಿದರೆ ಅದಕ್ಕೆ ಸಾಕಾಗಿತ್ತು.

ಹೀಗೇ ವರ್ಷ ಕಳೆದವು. ನಮ್ಮ ಸೀಮೆ ಮೈಸೂರಿಗೆ ಸೇರುತ್ತದಂತೆ ಅಂತ ಸಂತೆಯಾಗ ಮಾತು ಎದ್ದ ಹೊತ್ತಿಗೆ ಕೂಸು ಹುಡುಗಿಯಾಗಿತ್ತು. ಆ ವರ್ಷ ಪಂಚಮಿಗೆ ಮಗಳು ಮೊಮ್ಮಗಳನ್ನು ಕರಕೊಂಡು ತವರಿಗೆ ಬಂದಳು. ಬಾವಿಯ ಹತ್ತಿರದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಬಿಸಿಲು ಬಿದ್ದಿತ್ತು, ನಮ್ಮಲ್ಲಿ ಒಂದು ಹನಿ ಇಲ್ಲ. ಮೊಮ್ಮಗಳು ಜೀಕುತ್ತಿದ್ದಳು, ನಾನು ಕುಡಿಪುಂಡಿ ಚಿವುಟುತ್ತಿದ್ದೆ. ಯಜಮಾನರು ಥಟ್ಟನೆ ಕಿವಿ ಕೊಟ್ಟು ನಿಂತರು.

"ಹಳ್ಳ ಬರಾಕತ್ತೈತಿ. ಮ್ಯಾಲ ಲಿಂಗಸುಗೂರು ಕಡೆ ಮಳಿ ಆಗಿರಬೇಕು."

ಅಂದು ಮುಗಿಸುವುದರಾಗ ಬಂತು. ಬಂಡಿ ಸಾಲು ಕಲ್ಲಿನ ಮೇಲೆ ಉರುಳಿದ ಹಾಗೆ ಸಪ್ಪಳ, ಮುಂದೆ ನೊರೆ, ಹಿಂದೆ ಕೆಂಪು ನೀರು, ನಡುವೆ ಬುಡ ಸಮೇತ ಜಾಲಿ ಮರ. ಮೊಮ್ಮಗಳನ್ನು ಬಗಲಿಗೆ ಹಾಕಿಕೊಂಡು ದಿಬ್ಬ ಹತ್ತಿದೆ. ಆಚೆ ದಿಬ್ಬದ ಮೇಲೆ ಬೀಗತಿ ಓಡಿ ಬಂದು ನಿಂತಿದ್ದಳು. ತಲೆಯ ಮೇಲೆ ಸೆರಗಿಲ್ಲ. ಏನೋ ಕೂಗುತ್ತಿದ್ದಳು, ನೀರಿನ ಸಪ್ಪಳದಾಗ ತುಂಡು ತುಂಡಾಗಿ ಬಂತು.

"ಕೂಸು... ಎಲ್ಲೈತ್ರೀ ಕೂಸು?"

"ನಮ್ಮ ಕಡೆ ಐತಿ!"

"ಏನಂದ್ರೀ?"

"ನಮ್ಮ ಕಡೆ! ನಮ್ಮ ಕಡೆ ಐತ್ರೀ ಕೂಸು!"

ಎಷ್ಟು ವರ್ಷದಿಂದ ಆ ಮಾತು ಕೂಗಬೇಕು ಅಂತ ಇತ್ತೋ ನನಗೆ! ಗಂಟಲು ಹರಿಯುವ ಹಾಗೆ ಕೂಗಿದೆ. ಮೊಮ್ಮಗಳನ್ನು ಎರಡೂ ಕೈಯಿಂದ ಎತ್ತಿ ತೋರಿಸಿದೆ. ಆಕೆ ಅಲ್ಲೇ ಉಸುಕಿನಾಗ ಕುಸಿದು ಕೂತು ಮುಖ ಮುಚ್ಚಿಕೊಂಡಳು. ಮೊಮ್ಮಗಳು ನನ್ನ ಕೈಯಾಗೇ ಇದ್ದು, "ಆಯೀ, ಆಯೀ!" ಅಂತ ಆಚೆಗೆ ಕೈ ಬೀಸಿದಳು. ಅಂಥ ಹೊತ್ತಿನಾಗೂ ನನಗೆ ಚುಚ್ಚಿತು.

ನೀರು ಏರುತ್ತಲೇ ಇತ್ತು. ಕಂಡಿ ಇದ್ದ ಜಾಗಾಕ್ಕೇ ಬಂದು ಗುದ್ದತೊಡಗಿತು. ಉಸುಕು ಒಂದು ಪದರ ಜಾರಿತು, ಇನ್ನೊಂದು ಪದರ ಜಾರಿತು. ಲೆಕ್ಕಿಯ ಬೇರು ಹೊರಗೆ ಬಿದ್ದವು, ಜಡೆಯ ಹಾಗೆ ಹೆಣೆದುಕೊಂಡಿದ್ದವು. ಮೊಮ್ಮಗಳನ್ನು ಮಗಳ ಕೈಗೆ ಕೊಟ್ಟು ಇಬ್ಬರನ್ನೂ ಊರ ಕಡೆಗೆ ಎತ್ತರಕ್ಕೆ ಕಳಿಸಿದೆ. ನಾನು ಹೋಗಲಿಲ್ಲ. ಒಂದು ಲೆಕ್ಕಿ ಗಿಡವನ್ನು ತಬ್ಬಿ ಕೂತೆ.

"ಬಿಡ ಮಾರಾಯ್ತಿ, ಮ್ಯಾಲ ನಡಿ. ನೀ ಹಿಡದರ ನಿಂದ್ರತೈತೇನು?" ಅಂದರು ಯಜಮಾನರು.

"ನೀವು ಹೋಗ್ರಿ. ಇದು ಹೋದರ ಆಕಿ ಮುಂದ ಮುಖ ಹೆಂಗ ತೋರಿಸಲಿ?"

"ಬಾವಿ ಹೊಂಟೈತಿ, ಇಕಿಗೆ ಬೀಗತಿ ಚಿಂತಿ!" ಅಂದರು. ಆದರೆ ಅವರೂ ಹೋಗಲಿಲ್ಲ. ಪಕ್ಕದ ಗಿಡ ಹಿಡಿದು ಕೂತರು.

ಗುದ್ದಿತು, ಗುದ್ದಿತು. ಬೇರು ಬಿಡಲಿಲ್ಲ. ಹೊತ್ತು ಇಳಿಯುವಾಗ ನೋಡಿದರೆ ಉಸುಕಿನ ಮೇಲೆ ಒದ್ದೆಯ ಗೆರೆ ಮೇಲಿತ್ತು, ನೀರು ಅದರ ಕೆಳಗಿತ್ತು. ಯಜಮಾನರು ಬೆರಳು ಮಾಡಿ ತೋರಿಸಿದರು. ನಾನು ಕೂತಲ್ಲೇ ನಕ್ಕೆ, ಅತ್ತುಬಿಟ್ಟೆ, ಮತ್ತೆ ನಕ್ಕೆ. ಆಚೆ ಬೀಗತಿಯ ದಿಬ್ಬದ ಒಂದು ಮೂಲೆ, ಹಳ್ಳ ಹೊರಳುವ ಕಡೆ, ಗಿಡ ಸಮೇತ ಹೋಗಿತ್ತು. ಹೊಲ ಉಳಿದಿತ್ತು, ಮೂಲೆ ಹೋಗಿತ್ತು. ಆಕೆ ಆ ಮೂಲೆಯ ಹತ್ತಿರವೇ ನಿಂತು ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದಳು:

"ನಿಂತೈತ್ರೀ ಬೀಗರ! ನಿಮ್ಮದು ನಿಂತೈತಿ!"

ನನ್ನದು ನಿಂತದ್ದನ್ನು ಆಕೆ ಹೇಳಬೇಕೇ? ಅದನ್ನೂ ನನಗಿಂತ ಮೊದಲು ಕೂಗಿಬಿಟ್ಟಳು.

ದೀಪ ಹಚ್ಚುವ ಮೊದಲೇ ಹಳ್ಳ ಮೊಣಕಾಲಿಗೆ ಇಳಿಯಿತು. ಅಳಿಯ ತಾಯಿಯ ಕೈ ಹಿಡಿದು ದಾಟಿಸಿಕೊಂಡು ಬಂದ. ಬೀಗತಿ ಮೊದಲು ಮೊಮ್ಮಗಳನ್ನು ಎದೆಗೆ ಅವುಚಿಕೊಂಡಳು. ಆಮೇಲೆ ಹುಡುಗಿಯನ್ನು ಬಗಲಾಗ ಇಟ್ಟುಕೊಂಡೇ ನಮ್ಮ ದಿಬ್ಬದ ಉದ್ದಕ್ಕೂ ನಡೆದು, ಒಂದೊಂದೇ ಗಿಡ ಜಗ್ಗಿ ನೋಡಿದಳು.

"ನಮ್ಮ ಲೆಕ್ಕಿ," ಅಂದಳು.

"ನಮ್ಮ ಲೆಕ್ಕಿ. ನೀವು ಕಳಿಸಿದ್ದು ಬರೇ ಕಟಗಿ."

"ಅದರಾಗ ಅರ್ಧ ತಲಿಕೆಳಗ ನೆಟ್ಟಿದ್ರಿ. ನಾನು ಆಚೆ ನಿಂತು ನೋಡೀನಿ."

"ಮತ್ಯಾಕ ಹೇಳಲಿಲ್ರೀ?"

"ಹೇಳಿದ್ರ ಉಳಿದ ಅರ್ಧಾನೂ ಕಿತ್ತು ಒಗೀತಿದ್ರಿ."

ಆಗ ಇನ್ನೊಂದು ಮಾತು ನೆನಪಾಯಿತು. "ಬಾಣಂತಿ ನೀರಿಗೆ ಒಂದು ಹಿಡಿ ಸೊಪ್ಪು ಸಾಕಲ್ರೀ. ಹೆಬ್ಬೆರಳು ದಪ್ಪನ ಕಟಗಿ ಸಮೇತ ಹೊರಿಗಟ್ಟಲೆ ಯಾಕ ಕಳಸಿದ್ರಿ?"

ಬೀಗತಿ ಹಳ್ಳದ ಕಡೆ ಮುಖ ತಿರುಗಿಸಿದಳು. "ಕುಡಗೋಲು ಹರಿತ ಇತ್ತು," ಅಂದಳು.

ನೋಡಿ, ಇಲ್ಲಿಯೂ ಆಕೆ ಒಂದು ಹೆಜ್ಜೆ ಮುಂದೆ! ಹೊಟ್ಟೆ ಉರಿಯಿತು. ಉರಿಯುತ್ತಲೇ ಯಜಮಾನರ ಕೈಯಿಂದ ಕುಡಗೋಲು ಕಸಿದುಕೊಂಡು ನನ್ನ ಗಿಡಗಳ ಬಲಿತ ಕೊಂಬೆ ಕಡಿದೆ. ಆಕೆ ಕಳಿಸುತ್ತಿದ್ದ ಹೊರೆಗಿಂತ ದೊಡ್ಡ ಹೊರೆ ಮಾಡಿ ಅಳಿಯನ ಮುಂದೆ ಒಗೆದೆ. "ನಿಮ್ಮವ್ವನ ದಿಬ್ಬದ ಮೂಲಿಗೆ ಒಯ್ಯಪ್ಪ. ಬುಡ ಯಾವ ಕಡೆ ಅಂತ ತಿಳೀಲಿ ಅಂತ ಆ ಕಡೆ ಹಗ್ಗ ಕಟ್ಟೀನಿ."

"ನನಗ ತಿಳೀತೈತ್ರೀ," ಅಂದಳು ಬೀಗತಿ. ಆದರೆ ಹೊರೆಯ ಮೇಲೆ ಕೈ ಇಟ್ಟು ಸವರಿದಳು. ಬೇಡ ಅನ್ನಲಿಲ್ಲ. ಬೀಗರ ಮನೆಯಿಂದ ಇಸಕೊಂಡಳು! ನನಗೆ ಆಕಾಶಕ್ಕೆ ಮೂರೇ ಗೇಣು.

ರಾತ್ರಿಯ ಊಟಕ್ಕೆ ಎಲ್ಲರೂ ನಮ್ಮ ಪಡಸಾಲೆಯಾಗ ಕೂತೆವು, ಗಂಡಸರು ಮೊದಲು ಹೆಂಗಸರು ಆಮೇಲೆ ಅನ್ನುವುದನ್ನು ಬಿಟ್ಟು ಒಟ್ಟಿಗೇ ಕೂತೆವು. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಬ್ಬದ ಎಳ್ಳುಂಡಿ, ಮತ್ತೆ ಆ ಹೊಲದ್ದೇ ಪುಂಡಿಪಲ್ಯ. ಬೀಗತಿ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು.

"ಉಪ್ಪು ಒಂದೀಟು ಕಮ್ಮಿ ಆಗೈತ್ರೀ."

"ಸಮುದ್ರಕ್ಕ ಹೋದಾಗ ತಂದಿದ್ರ ಹಾಕತಿದ್ದೆ."

ಅಳಿಯ ನೀರು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ. ಯಜಮಾನರು ತಾಟಿನ ಮೇಲೆ ಬಗ್ಗಿ ನಕ್ಕರು. ಬೀಗತಿ ನಗಲಿಲ್ಲ, ಖಾಲಿಯಾದ ತಾಟು ಮುಂದಕ್ಕೆ ಸರಿಸಿದಳು. "ಇನ್ನೀಟು ಹಾಕ್ರೀ ಪಲ್ಯಾ."

"ಉಪ್ಪಿಲ್ಲ ಅಂದ್ರಲ್ರೀ?"

"ಅದಕ್ಕ ಮತ್ತೊಮ್ಮೆ ನೋಡತೀನಿ."

ಎಲ್ಲರಿಗಿಂತ ಹೆಚ್ಚು ಆಕೆಗೇ ಬಡಿಸಿದೆ. ಮೊಮ್ಮಗಳು ನಮ್ಮಿಬ್ಬರ ನಡುವೆ ಕೂತು ಉಂಡು, ಅರ್ಧ ಉಂಡಿ ಕೈಯಾಗ ಹಿಡಿದೇ ಅಡ್ಡಾದಳು. ತಲೆ ಆಕೆಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ತಲೆ ಆಕೆಗೇ ಹೋಯಿತಲ್ಲ ಅಂತ ಅನಿಸದೇ ಇರಲಿಲ್ಲ. ಪುಟ್ಟ ಅಂಗಾಲಿಗೆ ನಮ್ಮ ದಿಬ್ಬದ ಉಸುಕು ಮೆತ್ತಿತ್ತು. ಎಡಗೈಯಿಂದ ಅದನ್ನು ಒರೆಸುತ್ತಾ, ಬಲಗೈಯಿಂದ ಇನ್ನೊಂದು ರೊಟ್ಟಿ ಮುರಿದೆ.